ಶೀತಕೇತುವಿನ ತಣ್ಣನೆ ಒಲೆ

ಬಹಳ ಬಹಳ ಹಿಂದೆ, ಕರಿಕಲ್ಲು ಬೆಟ್ಟದ ಬುಡದಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ವರ್ಷವಿಡೀ ಚಳಿ. ಬೆಟ್ಟ ಅಗೆದರೆ ಬೇಕಾದಷ್ಟು ಕಲ್ಲಿದ್ದಲು ಸಿಗುತ್ತಿತ್ತು, ಮನೆಮನೆಯಲ್ಲೂ ಇದ್ದಿಲ ಒಲೆ ಇತ್ತು. ಆದರೆ ಕಲ್ಲಿದ್ದಲು ಬಲು ಹಟಮಾರಿ. ದೀಪ ಹಿಡಿದ ಮಾತ್ರಕ್ಕೆ ಹೊತ್ತಿಕೊಳ್ಳುವ ಜಾತಿಯಲ್ಲ. ಜನಕ್ಕೆ ತಾಳ್ಮೆ ಸಾಲದೆ ಬೆಟ್ಟದ ಮೇಲಿನ ಮಾಂತ್ರಿಕ ಶೀತಕೇತುವಿನ ಬಾಗಿಲಿಗೆ ಹೋದರು. ಅವನು ಚಿಟಿಕೆ ಹೊಡೆದರೆ ನೀಲಿ ಬೆಂಕಿ ಹಾರಿ ಬಂದು ಒಲೆಯಲ್ಲಿ ಕೂರುತ್ತಿತ್ತು. ಅದಕ್ಕೆ ಬದಲಾಗಿ ಮನೆಯವರೊಬ್ಬರು ತಮ್ಮ ದನಿಯನ್ನು ಕೊಡಬೇಕಿತ್ತು.

ಒಬ್ಬರಾದ ಮೇಲೆ ಒಬ್ಬರು ಕೊಟ್ಟರು. ಕೊನೆಗೆ ರಾಜನೂ ಕೊಟ್ಟ. ಆಮೇಲೆ ಕೈಸನ್ನೆಯಲ್ಲೇ ತೀರ್ಪು ಹೇಳುತ್ತ ಕುಳಿತ. ಆ ದನಿಗಳನ್ನೆಲ್ಲ ಶೀತಕೇತು ತನ್ನ ದೊಡ್ಡ ಒಲೆಯ ತಳದಲ್ಲಿ ಹೂತಿಟ್ಟಿದ್ದ. ಆ ಒಲೆ ತಣ್ಣಗಿರುವ ತನಕ ದನಿಗಳು ಅವನವು.

ಅವನ ಬಾಗಿಲು ತುಳಿಯದವಳು ಒಬ್ಬಳೇ. ರೊಟ್ಟಿ ಸುಟ್ಟು ಮಾರುವ ಮಾಳವ್ವ. ತಾಯಿ ಸತ್ತಾಗ ಅವಳಿನ್ನೂ ಚಿಕ್ಕವಳು. ಕೈ ಸುಟ್ಟುಕೊಂಡು, ಕಣ್ಣಿಗೆ ಹೊಗೆ ತುಂಬಿಕೊಂಡು, ತನ್ನಷ್ಟಕ್ಕೆ ತಾನೇ ಒಲೆ ಹೊತ್ತಿಸುವುದನ್ನು ಕಲಿತಿದ್ದಳು. "ನನ್ನ ಒಲೆಗೆ ನಾನೇ ಬೆಂಕಿ" ಎನ್ನುವಳು. ಅಷ್ಟೇ ಆಗಿದ್ದರೆ ಚೆನ್ನಿತ್ತು. ಆದರೆ ತಂಗಿ ಹೂವಿ ಹತ್ತಿರ ಬಂದರೆ, "ಸರಿಯೇ ಆಚೆ, ನಿನಗೆ ಬರೋದಿಲ್ಲ" ಎಂದು ದಬ್ಬುತ್ತಿದ್ದಳು. ಒಲೆ ಮುಟ್ಟಲು ಬಿಡಲೇ ಇಲ್ಲ.

ಒಮ್ಮೆ ಮಾಳವ್ವನಿಗೆ ಚಳಿಜ್ವರ ಬಂತು. ಮೈಮೇಲೆ ಎಚ್ಚರವಿಲ್ಲ. ಒಲೆ ಆರಿತು. ಹೂವಿಗೆ ಹೊತ್ತಿಸಲು ಬಾರದು. ಅಕ್ಕನ ತುಟಿ ನೀಲಿಗಟ್ಟುವುದನ್ನು ನೋಡಲಾರದೆ ಅವಳು ಬೆಟ್ಟ ಹತ್ತಿದಳು.

ಮಾಳವ್ವ ಕಣ್ಣು ಬಿಟ್ಟಾಗ ಒಲೆಯಲ್ಲಿ ನೀಲಿ ಬೆಂಕಿ ಕುಣಿಯುತ್ತಿತ್ತು. ವಟವಟ ಎನ್ನುತ್ತಿದ್ದ ಹೂವಿ ಬಾಯಿ ತೆರೆದಳು, ಸದ್ದು ಬರಲಿಲ್ಲ.

"ನನ್ನನ್ನು ಕೇಳದೆ ಮಾರಿಬಿಟ್ಟೆಯೇನೇ!" ಎಂದು ಮಾಳವ್ವ ಅಬ್ಬರಿಸಿದಳು. ಆಮೇಲೆ ಅತ್ತಳು. ಆಮೇಲೆ ಸೆರಗು ಬಿಗಿದು ಎದ್ದಳು. "ಹೊರಡು. ನಿನ್ನ ದನಿ ತರದೆ ನಾನು ಈ ಮನೆಯ ಹೊಸ್ತಿಲು ತುಳಿಯೋದಿಲ್ಲ."

ಬುಟ್ಟಿಗೆ ಹರಳೆಣ್ಣೆಯಲ್ಲಿ ನೆನೆಸಿದ ತೆಂಗಿನ ನಾರು ಹಾಕಿದಳು. ಒಣಗಿದ ಕಿತ್ತಳೆ ಸಿಪ್ಪೆ, ಜೋಳದ ಬೆಂಡು, ತೆಂಗಿನ ಚಿಪ್ಪು ತುಂಬಿದಳು. ಒಂದು ಬೆರಣಿಯನ್ನೂ, ಹಿಡಿ ಬೂರುಗದ ಹತ್ತಿಯನ್ನೂ ಇಟ್ಟಳು. ಚಕಮಕಿ ಕಲ್ಲು ಸೊಂಟಕ್ಕೆ, ರೊಟ್ಟಿ ಹಿಟ್ಟು ತಂಗಿಯ ಕೈಗೆ. ಇಬ್ಬರೂ ಬೆಟ್ಟ ಹತ್ತಿದರು.

ಶೀತಕೇತು ಹಿಮದ ಗಡ್ಡ ನೀವಿಕೊಂಡು ನಕ್ಕ. "ಏನಮ್ಮಾ ರೊಟ್ಟಿಯವಳೇ, ಕೊನೆಗೂ ಬಂದೆಯಾ?"

"ಬೇಡೋಕೆ ಬಂದಿಲ್ಲ ಕಣಯ್ಯ. ನಿನ್ನ ಒಲೆ ಹೊತ್ತಿಸೋಕೆ ಬಂದಿದೀನಿ."

"ಓಹೋ! ಮೂರು ಸಲ ಕೊಟ್ಟೆ. ಒಂದು ರೊಟ್ಟಿ ಬೇಯುವಷ್ಟು ಹೊತ್ತು ಉರಿದರೆ ದನಿಗಳೆಲ್ಲ ನಿನ್ನವು. ಮೂರೂ ಸಲ ಸೋತರೆ ನೀನೇ ಒಂದು ಕರಿಕಲ್ಲು."

"ಆಗಲಿ, ಎಲ್ಲಿ ಒಲೆ?"

ಒಲೆ ಆಳೆತ್ತರ ಇತ್ತು. ಅದರ ಬಲಕ್ಕೆ ಒಂದು ಬೆಕ್ಕು ಕುಳಿತಿತ್ತು, ಎಮ್ಮೆಯಷ್ಟು ದೊಡ್ಡದು, ಬಾಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಎಡಕ್ಕೆ ಗಾಜಿನ ಕೊಕ್ಕಿನ ಒಂದು ಹಕ್ಕಿ.

ಮೊದಲ ಸಲ ಮಾಳವ್ವ ಎಣ್ಣೆಯ ನಾರಿಟ್ಟು ಕಿಡಿ ಹೊಡೆದಳು. ಭಗ್ಗನೆ ಉರಿ ಎದ್ದಿತು! ಹೂವಿ ಚಪ್ಪಾಳೆ ತಟ್ಟಿದಳು. ಉರಿ ಕಂಡದ್ದೇ ತಡ, ಬೆಕ್ಕು ಬಾಲ ಒದರಿತು. ಚುಂಯ್! ಒಲೆ ಒದ್ದೆ. ಮಾಳವ್ವನ ಕಾಲು ಮೊಣಕಾಲಿನ ತನಕ ಕರಿಕಲ್ಲಾಯಿತು.

"ಕಾಲು ಹೋದರೇನು, ಕೈ ಇದೆ" ಎಂದಳು.

ಎರಡನೆಯ ಸಲ ಒದ್ದೆ ಇದ್ದಿಲು ತೆಗೆದು, ಪಕ್ಕದ ರಾಶಿಯಿಂದ ಒಣಗಿದ್ದನ್ನು ತುಂಬಿದಳು. ಅಡಿಯಲ್ಲಿ ಕಿತ್ತಳೆ ಸಿಪ್ಪೆ, ಮೇಲೆ ಬೆಂಡು, ಅದರ ಮೇಲೆ ಚಿಪ್ಪು. ಈ ಉರಿ ಬಿಸಿಯಾಗಿತ್ತು, ಬೆಕ್ಕು ಒದರಿದ ನೀರು ದಾರಿಯಲ್ಲೇ ಆವಿಯಾಯಿತು. ಆದರೆ ಹಕ್ಕಿ ಹಾರಿ ಬಂದು ಕಾಳು ಹೆಕ್ಕಿದ ಹಾಗೆ ಉರಿಯ ನಾಲಿಗೆಗಳನ್ನು ಒಂದೊಂದಾಗಿ ಕುಕ್ಕಿ ತಿಂದುಬಿಟ್ಟಿತು. ಮಾಳವ್ವ ಸೊಂಟದ ತನಕ ಕಲ್ಲಾದಳು. ಬುಟ್ಟಿ ಮುಕ್ಕಾಲು ಬರಿದಾಗಿತ್ತು.

ಹೂವಿ ಬೇಡ ಬೇಡ ಎಂದು ಕೈಯಾಡಿಸಿ ಅಕ್ಕನ ತೋಳು ಹಿಡಿದಳು. ಮಾಳವ್ವ ಒಲೆಯನ್ನೇ ನೋಡುತ್ತಿದ್ದಳು. ಬೆಕ್ಕು ಎದ್ದದ್ದು ಉರಿ ಕಂಡಾಗ. ಹಕ್ಕಿ ಹಾರಿದ್ದು ಉರಿ ಕಂಡಾಗ. ಹಾಗಾದರೆ ಉರಿಯೇ ಕಾಣಬಾರದು!

ಅವಳು ತಂಗಿಯ ಕಡೆ ಕತ್ತು ತಿರುಗಿಸಿದಳು. "ಹೂವೀ, ಬಾರೇ ಇಲ್ಲಿ. ನನಗೆ ಬಗ್ಗೋಕಾಗಲ್ಲ. ಈ ಸಲ ನೀನೇ ಹೊತ್ತಿಸು."

ಹೂವಿ ಕಣ್ಣರಳಿಸಿ ತನ್ನ ಎದೆಯ ಮೇಲೆ ಕೈಯಿಟ್ಟುಕೊಂಡಳು. ನಾನಾ?

"ನೀನೇ. ಸರಳಿನ ಕೆಳಗಿನ ಬೂದಿ ಬಾಚು, ಗಾಳಿಗೆ ದಾರಿ ಬೇಕು. ಬೆರಣಿ ಮುರಿದು ನಡುವೆ ಹತ್ತಿ ಇಡು. ಕಿಡಿ ಹೊಡಿ. ಹೊಗೆ ಬಂತಾ? ಊದಬೇಡ! ಬಾಚಿದ ಬೂದಿಯನ್ನೇ ಅದರ ಮೇಲೆ ತೆಳ್ಳಗೆ ಉದುರಿಸು. ಇನ್ನು ಇದ್ದಿಲು ಜೋಡಿಸು. ಒತ್ತೊತ್ತಾಗಿ ಅಲ್ಲ ಕಣೇ, ಸಂದು ಬಿಡು."

"ಸಗಣಿ! ನನ್ನ ಒಲೆಗೆ ಸಗಣಿ!" ಎಂದು ಶೀತಕೇತು ಹೊಟ್ಟೆ ಹಿಡಿದು ನಕ್ಕ. ಬೂದಿಯ ಮೇಲೆ ಒಂದು ಎಳೆ ಹೊಗೆ. ಉರಿಯಿಲ್ಲ. ಬೆಕ್ಕು ಆಕಳಿಸಿತು. ಹಕ್ಕಿ ತಲೆಯನ್ನು ರೆಕ್ಕೆಯಲ್ಲಿ ಹುದುಗಿಸಿತು. "ಆರಿಹೋಯಿತು, ಸೋತೆ" ಎಂದ ಅವನು. ಕರಿಕಲ್ಲು ಮಾಳವ್ವನ ಎದೆಗೆ ಏರತೊಡಗಿತು.

ಮಾಳವ್ವ ತಂಗಿಗೆ ಮಾತ್ರ ಕಾಣುವ ಹಾಗೆ ಕಣ್ಣು ಮಿಟುಕಿಸಿದಳು. ಆಮೇಲೆ ಗೋಳೋ ಎಂದು ಕಿರುಚಿದಳು. "ಅಯ್ಯಯ್ಯೋ, ನಿನ್ನ ದಮ್ಮಯ್ಯ! ಏನು ಬೇಕಾದರೂ ಮಾಡು, ಒಲೆಗೆ ಬಾಯಿಟ್ಟು ಊದಬೇಡಪ್ಪೋ!"

ಶೀತಕೇತು ಹುಟ್ಟಿದಾಗಿನಿಂದ ದೀಪ ಆರಿಸಿದವನೇ ಹೊರತು ಒಲೆ ಮುಂದೆ ಕೂತವನಲ್ಲ. "ಓಹೋ, ಒಳಗೇನೋ ಉಳಿದಿದೆ" ಎಂದು ಬಗ್ಗಿ, ಒಲೆಯ ಕೆಳಬಾಯಿಗೆ ಮುಖವಿಟ್ಟು ಉಫ್ ಎಂದು ಊದಿದ.

ಬೂದಿ ಹಾರಿತು. ಒಳಗೆ ಒಂದು ಕೆಂಪು ಕಣ್ಣು ತೆರೆಯಿತು.

ಗಾಬರಿಯಾಗಿ ಇನ್ನೂ ಜೋರಾಗಿ ಊದಿದ. ಬೆರಣಿ ನಿಗಿನಿಗಿ ಕೆಂಡವಾಯಿತು. ಕೆನ್ನೆ ಉಬ್ಬಿಸಿ, ಕಣ್ಣು ಮೆಳ್ಳಗಾಗುವ ಹಾಗೆ ಊದಿದ. ಚಟಚಟ, ಚಟಚಟ! ಹಟಮಾರಿ ಇದ್ದಿಲು ಒಂದರಿಂದ ಒಂದಕ್ಕೆ ಹೊತ್ತಿಕೊಂಡಿತು. ಹಕ್ಕಿ ಹಾರಿ ಬಂದು ಕೆಂಡ ಕುಕ್ಕಿತು, ಕೊಕ್ಕು ಕರಗಿತು. ಬೆಕ್ಕು ಬಾಲ ಒದರಿತು, ನೀರೆಲ್ಲ ಆವಿಯಾಗಿ ಅದು ಅಂಗೈಯಗಲದ ಮರಿಯಾಗಿ ಮಿಯಾಂವ್ ಎಂದಿತು.

"ಊದು ಸ್ವಾಮೀ, ಊದು!" ಎಂದು ಮಾಳವ್ವ ಕೂಗಿದಳು. "ಹೂವೀ, ರೊಟ್ಟಿ ತಟ್ಟೇ!"

ಹೂವಿ ರೊಟ್ಟಿ ತಟ್ಟಿ ಒಲೆಯ ಕಾದ ಕಬ್ಬಿಣದ ಮೇಲೆ ಹಾಕಿದಳು. ಶೀತಕೇತು ಊದಿದ, ಊದಿದ. ಬೆಂಕಿ ಆರಿಸಲು ಅವನಿಗೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಮೈಯೊಳಗಿನ ಉಸಿರೆಲ್ಲ ಮುಗಿದು, ಒಳಗೆ ಪೊಳ್ಳಾಗಿ, ತೆಳ್ಳಗಾಗಿ, ಠಣ್ ಎಂದು ನೆಲಕ್ಕೆ ಬಿದ್ದ. ಬಿದ್ದದ್ದು ಮಾಂತ್ರಿಕನಲ್ಲ, ಒಂದು ಕಬ್ಬಿಣದ ಊದುಗೊಳವೆ.

ಮಾಳವ್ವನ ಮೈಯ ಕರಿಕಲ್ಲು ಸಿಪ್ಪೆ ಸುಲಿದ ಹಾಗೆ ಉದುರಿತು. ಒಲೆಯ ತಳದಿಂದ ದನಿಗಳು ಗುಂಯ್ ಎಂದು ಮೇಲೆದ್ದವು. ಜೋಗುಳ, ಬೈಗುಳ, ಕೆಮ್ಮು, ನಗು, ರಾಜನ ಗದರಿಕೆ, ಎಲ್ಲವೂ ಜೇನುಹಿಂಡಿನಂತೆ ಬೆಟ್ಟದಿಂದಿಳಿದು ಅವರವರ ಮನೆಗೆ ಹಾರಿದವು. ಒಂದು ಸಣ್ಣ ದನಿ ಮಾತ್ರ ಅಲ್ಲೇ ಸುತ್ತಿ ಹೂವಿಯ ಬಾಯಿಗೆ ಹೊಕ್ಕಿತು.

ಮಾಳವ್ವ ತಂಗಿಯ ಗಲ್ಲ ಹಿಡಿದಳು. "ಮಾತಾಡೇ, ನನ್ನವ್ವಾ. ಏನಾದರೂ ಅನ್ನೇ."

ಹೂವಿ ಮೂಗು ಅರಳಿಸಿದಳು.

"ಅಕ್ಕಾ, ಸರಿಯೇ ಆಚೆ! ರೊಟ್ಟಿ ಸೀದುಹೋಯ್ತು!"

ಮಾಳವ್ವ ಜೀವಮಾನದಲ್ಲಿ ಮೊದಲ ಸಲ ಒಲೆ ಬಿಟ್ಟು ಆಚೆ ಸರಿದಳು. ಆ ಸೀದ ರೊಟ್ಟಿಯನ್ನು ಇಬ್ಬರೂ ಮುರಿದುಕೊಂಡು ತಿಂದರು, ಬೆಕ್ಕಿನ ಮರಿಗೂ ಒಂದು ಚೂರು ಹಾಕಿದರು.

ಅಂದಿನಿಂದ ಆ ರಾಜ್ಯದಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಒಲೆ ಹೊತ್ತಿಸುವುದನ್ನು ಕಲಿಸಿದರು. ಹೇಳಿಕೊಟ್ಟವಳು ಹೂವಿ, ಮಾಳವ್ವ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಲು ಬಹಳ ಕಷ್ಟಪಟ್ಟಳು. ಊದುಗೊಳವೆ ಅವರ ಒಲೆಯ ಪಕ್ಕದ ಮೊಳೆಗೆ ನೇತುಬಿದ್ದು ದಿನಾ ಬೆಳಗ್ಗೆ ಕೆಲಸ ಮಾಡಿತು. ಅವರ ಮನೆಯ ಒಲೆ ಆರಲಿಲ್ಲ, ಬಾಯಿಗೆ ಬಿಡುವಿರಲಿಲ್ಲ. ಅವರು ಅಲ್ಲಿ ಬಿಸಿ ರೊಟ್ಟಿ ತಿಂದು ಸುಖವಾಗಿದ್ದರು, ನಾವು ಇಲ್ಲಿ ಅವರ ಕತೆ ಕೇಳಿ ಬೆಚ್ಚಗಾದೆವು.