ಕಿಡಿಹಕ್ಕಿಯ ಉಸಿರುಹಂಡೆ

ಕತೆ ಹೇಳಿ ನನಗೆ ಅಭ್ಯಾಸವಿಲ್ಲ, ಕೆಟ್ಟದಾಗಿ ಹೇಳಿದರೆ ದಯವಿಟ್ಟು ಕ್ಷಮಿಸಿ. ಸ್ನಾನದ ಹಂಡೆ ಕೂರಿಸುವುದು, ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯುವುದು, ಇಷ್ಟೇ ನನಗೆ ಬರುವ ಕೆಲಸ. ಹಾಗಾಗಿ ವಿವರಣೆ ಜಾಸ್ತಿಯಾಗಬಹುದು.

ಬಹಳ ಹಿಂದೆ ಬೆಟ್ಟದ ನೆತ್ತಿಯಲ್ಲಿ ಬಿಳಿಗೋಡು ಎಂಬ ರಾಜ್ಯವಿತ್ತು. ನೆತ್ತಿಯಲ್ಲಿ ಇದ್ದದ್ದರಿಂದ ಅಲ್ಲಿ ವಿಪರೀತ ಚಳಿ. ಅಲ್ಲಿನ ರಾಣಿಗೆ ಹೆಣ್ಣುಮಗು ಹುಟ್ಟಿತು. ಬೆಟ್ಟದ ಹಿಂದಿನ ಗವಿಯಲ್ಲಿ ಚಳಿರಾಯನೆಂಬ ಮಾಂತ್ರಿಕನಿದ್ದ. ರಾಜನಿಗೆ ಮಕ್ಕಳಾಗದಿದ್ದರೆ ರಾಜ್ಯ ತನ್ನದೇ ಎಂದು ಕಾದಿದ್ದವನು ಅವನು. ಸುದ್ದಿ ಕೇಳಿದ್ದೇ ಊರಿನ ಸೌದೆಯನ್ನೆಲ್ಲ ಮಂಜುಗಡ್ಡೆ ಮಾಡಿದ. ನಾಲ್ಕು ದಿನ ಬಿಟ್ಟು ಅರಮನೆಯ ಬಾಗಿಲಲ್ಲಿ ನಿಂತು ಹೇಳಿದ:

"ಮಗುವನ್ನು ತೊಟ್ಟಿಲಿಗೆ ಹಾಕಲು ಇನ್ನು ಮೂರು ಬೆಳಗು ಇವೆ. ಪ್ರತಿ ಬೆಳಗೂ ಕೋಟೆಯ ಬುರುಜಿನ ಬುಡಕ್ಕೆ ಬಿಸಿಲು ಇಳಿಯುವುದರೊಳಗೆ ಬಿಸಿನೀರು ಎರೆಯಬೇಕು. ಒಂದು ಬೆಳಗು ತಪ್ಪಿದರೂ ಮಗು ಹಿಮದ ಗೊಂಬೆ."

ಮಗುವಿಗೆ ಎರೆಯುವವಳು ಹೊನ್ನಜ್ಜಿ. ಅವಳು ಹಂಡೆ ರಿಪೇರಿಯ ಹಾಲಪ್ಪನನ್ನು ಕರೆಸಿದಳು. ಹಾಲಪ್ಪ ಆಗಲೇ ಸೋತಿದ್ದ. ಹಂಡೆ ಕೆಟ್ಟಿಲ್ಲ, ಸೌದೆ ಕೆಟ್ಟಿದೆ ಎಂದು ಮನೆಮನೆಗೂ ಹೇಳಿ ಹೇಳಿ ಗಂಟಲು ಬಿದ್ದುಹೋಗಿತ್ತು.

"ಅಜ್ಜಿ, ನಾಲ್ಕು ದಿನದಿಂದ ಕಣ್ಣು ಮುಚ್ಚಿಲ್ಲ."

"ಇನ್ನು ಮೂರು ದಿನ ತೆರೆದೇ ಇಟ್ಟಿರು. ತಣ್ಣೀರು ಎರೆದು ಈ ಕೈಗೆ ಅಭ್ಯಾಸವಿಲ್ಲ ಕಣೋ."

ಹಾಲಪ್ಪನ ಹತ್ತಿರ ಒಂದು ಕಿಡಿಹಕ್ಕಿ ಇತ್ತು. ಗುಬ್ಬಿಯಷ್ಟು ಗಾತ್ರ. ಹಾಡಿದರೆ ಕೊಕ್ಕಿನಿಂದ ನೀಲಿ ಬೆಂಕಿ ಬರುತ್ತಿತ್ತು. ಆದರೆ ಬೆಂಕಿ ಚಿಕ್ಕದು, ಹಳೆಯ ಹಂಡೆಗೆ ಇಟ್ಟರೆ ಅರ್ಧ ಕಾವು ಹೊಗೆಯ ಜೊತೆ ಮೇಲೆ ಹೋಗಿಬಿಡುತ್ತದೆ. ಅದಕ್ಕೇ ಅವನು ಅರಮನೆಯ ಬಚ್ಚಲಮನೆಯ ಗೋಡೆಗೆ ಉಸಿರುಹಂಡೆ ಕೂರಿಸಿದ. ಇದರ ತಳದಲ್ಲಿ ಕೂತ ಹಕ್ಕಿಯ ಬಿಸಿಯುಸಿರು ತಣ್ಣೀರಿನ ಕೊಳವೆಗಳನ್ನು ಸುತ್ತಿಕೊಂಡೇ ಹೊರಗೆ ಹೋಗಬೇಕು. ಸುತ್ತುವಾಗ ಕಾವನ್ನೆಲ್ಲ ನೀರಿಗೆ ಕೊಟ್ಟು, ತಾನು ಹನಿಯಾಗುತ್ತದೆ. ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರುತ್ತದಲ್ಲ, ಹಾಗೆ. ಆ ಹನಿ ಸ್ವಲ್ಪ ಹುಳಿ. ಅದು ಒಂದು ಬಾಗಿದ ಕೊಳವೆಗೆ ಇಳಿದು, ಅಲ್ಲಿಂದ ಗೋಡೆಯಾಚೆಯ ಮಣ್ಣಿನ ಕೊಳವೆಯಲ್ಲಿ ಹರಿದು, ಸುಣ್ಣಕಲ್ಲಿನ ಗುಂಡಿಗೆ ಬೀಳಬೇಕು. ಸುಣ್ಣಕಲ್ಲು ಹುಳಿಯನ್ನು ತಿಂದುಬಿಡುತ್ತದೆ.

ಮೊದಲ ಬೆಳಗು ಹಕ್ಕಿ ಹಾಡಿತು, ಬೆಂಕಿ ಬಂತು, ನೀರು ಮಾತ್ರ ಕದಲಲಿಲ್ಲ. ಚಳಿರಾಯ ಕೊಳವೆಯೊಳಗೆ ಒಂದು ಗಾಳಿಮರಿಯನ್ನು ಬಿಟ್ಟಿದ್ದ. ಗಾಳಿ ಕೂತ ಕಡೆ ನೀರು ಹೋಗುವುದಿಲ್ಲ. ಗಾಳಿ ಯಾವಾಗಲೂ ಮೇಲೆಯೇ ಕೂರುವುದು, ಆದ್ದರಿಂದ ಹಾಲಪ್ಪ ಏಣಿ ಹತ್ತಿ ತುದಿಯ ತಿರುಪು ಸಡಿಲಿಸಿದ. ಮರಿ ಬುಸ್ಸೆಂದು ಹೊರಬಂದು ಕಿಟಕಿಯಿಂದ ಹಾರಿಹೋಯಿತು. ನೀರು ಕಾಯಿತು.

ಕಿಟಕಿಯಾಚೆ ಚಳಿರಾಯ ಕೇಳಿದ: "ಹಾಲಪ್ಪ, ಸುಸ್ತಾಯಿತೇ?"

"ಆಯಿತು ಸ್ವಾಮಿ."

"ಮನೆಗೆ ಹೋಗಿ ಮಲಗು."

"ಮಗುವಿನ ಸ್ನಾನ ಆಗಲಿ."

ಆ ಸಂಜೆ ಹಾಲಪ್ಪ ಬಾಗಿದ ಕೊಳವೆಯನ್ನು ಬಿಚ್ಚಿ, ಮಸಿ ತೊಳೆದು, ಮತ್ತೆ ಕೂರಿಸಿದ. ಎರಡನೆಯ ಬೆಳಗು ಹಕ್ಕಿ ಹಾಡುತ್ತಲೇ ಬಚ್ಚಲ ತುಂಬ ಹೊಗೆ.

"ನನ್ನನ್ನೇನು ಬಾಳೆಗೊನೆ ಅಂದುಕೊಂಡೆಯಾ?" ಹೊನ್ನಜ್ಜಿ ಕೆಮ್ಮುತ್ತ ಬೈದಳು. "ಹೊಗೆ ಹಾಕಿ ಹಣ್ಣು ಮಾಡುತ್ತೀಯಾ?"

ಹಾಲಪ್ಪ ಹಕ್ಕಿಯನ್ನು ಸುಮ್ಮನಾಗಿಸಿ, ಕಿಟಕಿ ತೆರೆದು, ಮಾಟಕ್ಕಾಗಿ ಮೂಲೆಮೂಲೆ ಹುಡುಕಿದ. ಹೊಸ್ತಿಲಡಿಯನ್ನೂ ನೋಡಿದ. ಏನೂ ಸಿಗಲಿಲ್ಲ. ಹೊರಗಿನಿಂದ ಚಳಿರಾಯ ನಕ್ಕ. "ಇದು ನನ್ನ ಕೆಲಸ ಅಲ್ಲಪ್ಪ, ನಿನ್ನದೇ!"

ನಿಜ. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು, ಆ ನೀರೇ ಹೊಗೆಯನ್ನು ತಡೆಯುವ ಬಾಗಿಲು. ತೊಳೆದವನು ನೀರು ತುಂಬುವುದನ್ನು ಮರೆತಿದ್ದ. ಸುಸ್ತಾದವರು ಮರೆಯುವುದು ಇದನ್ನೇ. ಹಾಲಪ್ಪ ತಲೆ ತಗ್ಗಿಸಿ ಒಂದು ಚೊಂಬು ನೀರು ಹುಯ್ದ. ಹೊಗೆ ನಿಂತಿತು, ನೀರು ಕಾಯಿತು.

"ಹಾಲಪ್ಪ, ಸುಸ್ತಾಯಿತೇ?"

"ಆಯಿತು ಸ್ವಾಮಿ."

"ಮನೆಗೆ ಹೋಗಿ ಮಲಗು."

"ಮಗುವಿನ ಸ್ನಾನ ಆಗಲಿ."

ಮೂರನೆಯ ಬೆಳಗು ಹಕ್ಕಿ ಹಾಡಲೇ ಇಲ್ಲ. ಹಂಡೆಯ ತಳದಲ್ಲಿ ಹನಿನೀರು ಏರಿ ಅದರ ಕಾಲು ಮುಳುಗಿತ್ತು. ಕಾಲು ನೆನೆದ ಕಿಡಿಹಕ್ಕಿ ಹಾಡುವುದಿಲ್ಲ. ಹಾಲಪ್ಪ ಹೊರಗೆ ಓಡಿದ. ಚಳಿರಾಯ ತಾನೇ ಮಂಜಿನ ಬಿರಡೆಯಾಗಿ ಮಣ್ಣಿನ ಕೊಳವೆಯೊಳಗೆ ಕೂತಿದ್ದ.

"ಹಾಲಪ್ಪ, ಸುಸ್ತಾಯಿತೇ?" ಕೊಳವೆಯೊಳಗಿಂದ ದನಿ ಬಂತು. "ಬಿಸಿಲು ಬಂತು. ಸುತ್ತಿಗೆ ತಗೊಂಡು ಒಂದೇ ಏಟು ಹಾಕು, ಕೆಲಸ ಮುಗಿಯುತ್ತದೆ."

ಹಾಲಪ್ಪ ಸುತ್ತಿಗೆ ಎತ್ತಿದ. ಕೊಳವೆ ಒಡೆದರೆ ಚೂರೆಲ್ಲ ತೆಗೆದು ಹೊಸದು ಜೋಡಿಸಲು ಅರ್ಧ ದಿನ ಬೇಕು, ಅಷ್ಟರಲ್ಲಿ ಮಗು ಉಳಿಯುವುದಿಲ್ಲ. ಸುತ್ತಿಗೆ ಕೆಳಗಿಟ್ಟ.

"ಅಜ್ಜಿ, ಏನಾದರೂ ಬೆಚ್ಚಗಿನದು ಕೊಡು. ಬಿಸಿಯಾದದ್ದು ಬೇಡ, ಮಣ್ಣು ಸೀಳುತ್ತದೆ."

"ಬೆಂಕಿಯಿಲ್ಲದ ಊರಲ್ಲಿ ಬೆಚ್ಚಗಿನದು ಎಲ್ಲಿಂದ ತರಲೋ?"

ಕೊಟ್ಟಿಗೆಯಲ್ಲಿ ಹಸು ಕೂಗಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಹೊನ್ನಜ್ಜಿ ಹಸುವನ್ನು ಕೊಳವೆಯ ಪಕ್ಕಕ್ಕೇ ಎಳೆತಂದು ಕರೆಯಲು ಕೂತಳು. ಆಗತಾನೆ ಕರೆದ ನೊರೆಹಾಲು ಬೆಚ್ಚಗಿರುತ್ತದೆ, ಸುಡುವುದಿಲ್ಲ. ಹಾಲಿನಲ್ಲೇ ಮಗುವಿಗೆ ಎರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಮಾಂತ್ರಿಕ ಹೇಳಿದ್ದು ಬಿಸಿನೀರು.

ಮೊದಲ ಚೊಂಬು ಕೊಳವೆಯ ಮೇಲೆ ಸುರಿದರು, ಏನೂ ಆಗಲಿಲ್ಲ. ಎರಡನೆಯದು ಸುರಿದರು, ಒಳಗೆ ಚಟಕ್ ಎಂದಿತು. ಬಿಸಿಲು ಬುರುಜಿನ ನಡುವಿಗೆ ಇಳಿಯಿತು.

"ಹಾಲಪ್ಪ, ಮಲಗೋ ಮಾರಾಯ!" ಚಳಿರಾಯ ಈಗ ಬೇಡಿಕೊಳ್ಳುತ್ತಿದ್ದ.

"ನೀವು ಮೊದಲು ಇಳಿಯಿರಿ ಸ್ವಾಮಿ."

ಮೂರನೆಯ ಚೊಂಬಿಗೆ ಚಳಿರಾಯ ಕರಗಿದ. ಕೊಳವೆಯಿಂದ ಜಾರಿ, ಸುಣ್ಣಕಲ್ಲಿನ ಗುಂಡಿಗೆ ಬಿದ್ದು, ಬುರಬುರನೆ ನೊರೆಯೆದ್ದು, ಬರೀ ನೀರಾಗಿ ಮಣ್ಣಿಗೆ ಇಂಗಿದ. ಹಿಂದೆಯೇ ಹನಿನೀರು ಗಳಗಳ ಹರಿಯಿತು. ಹಕ್ಕಿ ಕಾಲು ಕೊಡವಿ ಹಾಡಿತು. ಹೊನ್ನಜ್ಜಿ ಕಾಲು ಚಾಚಿ, ಮಗುವನ್ನು ಮೊಣಕಾಲ ಮೇಲೆ ಮಲಗಿಸಿ, ಬಿಸಿನೀರು ಎರೆದಳು. ಮಗು ಸೀನಿ, ಜೋರಾಗಿ ಅತ್ತಿತು. ಆಮೇಲೆಯೇ ಬಿಸಿಲು ಬುರುಜಿನ ಬುಡಕ್ಕೆ ಇಳಿದದ್ದು.

ಊರಿನ ಮಂಜುಗಡ್ಡೆಯೆಲ್ಲ ಮತ್ತೆ ಸೌದೆಯಾಯಿತು, ಮನೆಮನೆಯ ಒಲೆ ಹೊತ್ತಿತು. ಮಗು ತೊಟ್ಟಿಲೇರಿತು. ಬಿಳಿಗೋಡಿನಲ್ಲಿ ಅಂದಿನಿಂದ ಎಲ್ಲರೂ ಬೆಚ್ಚಗೆ, ನೆಮ್ಮದಿಯಾಗಿ ಬಾಳಿದರು. ರಾಜ ಏನು ಬೇಕೆಂದು ಕೇಳಲು ಬಂದಾಗ ಹಾಲಪ್ಪ ಹಂಡೆಗೆ ಒರಗಿ ನಿದ್ದೆ ಹೋಗಿದ್ದ. ಯಾರೂ ಎಬ್ಬಿಸಲಿಲ್ಲ.

ಎದ್ದ ಮೇಲೆ ಅವನು ಮಾಡಿದ ಮೊದಲ ಕೆಲಸ ಹೊರಗಿನ ಕೊಳವೆಗೆ ಕಂಬಳಿ ಸುತ್ತಿ ಇಳಿಜಾರು ಹೆಚ್ಚಿಸಿದ್ದು. ಇಳಿಜಾರು ಯಾಕೆ ಬೇಕೆಂದರೆ, ನೀರು ನಿಂತರೆ ತಾನೇ ಹೆಪ್ಪುಗಟ್ಟುವುದು? ಹಾಗಾಗಿ ಮೊಳಕ್ಕೆ ಒಂದು ಬೆರಳಿನಷ್ಟು ಇಳಿಸಿ, ಆಮೇಲೆ ಗೋಡೆಯಿಂದ ಹೊರಗೆ ಬರುವ ಕಡೆ ಕೊಳವೆಯ ಬಾಯನ್ನು...

ಬಂದೆ ತಾಯಿ, ಬಂದೆ. ಮನೆಯಲ್ಲಿ ಬಾಣಂತಿ ಇದ್ದಾರಂತೆ, ನೀರು ಕಾಯುತ್ತಿಲ್ಲವಂತೆ.