ಚಿಲಕದ ಮೇಲಿನ ಕೈ

ಕೈ ಮಾತ್ರ ಕಾಣೆಯಾಗಿತ್ತು.

ಬೆಳಿಗ್ಗೆ ಕಲಾಶಾಲೆಯ ಮರಗೆಲಸದ ಕೋಣೆ ತೆರೆದ ಮೇಷ್ಟ್ರು ನಿಂತಲ್ಲೇ ನಿಂತುಬಿಟ್ಟರು. ಪೊಲೀಸರಿಗೆ ಫೋನ್ ಮಾಡಿದರು. ಇನ್ಸ್‌ಪೆಕ್ಟರಮ್ಮ ಕಾನ್‌ಸ್ಟೇಬಲ್ ಜೊತೆ ಬಂದು ನೋಡಿದಳು. ಮರದಲ್ಲಿ ಕೆತ್ತಿದ ಆಳೆತ್ತರದ ಬಾಗಿಲು. ಸಂದಿಯಲ್ಲಿ ಒಳಗಿಂದ ಒತ್ತಿ ನಿಂತ ಹೆಣ್ಣಿನ ಮುಖ. ಹೊರಗಿನ ಚಿಲಕದ ಹತ್ತಿರ ಬರೀ ಮೋಟು ಮಣಿಕಟ್ಟು.

"ಬೀಗ ಒಡೆದಿಲ್ಲ. ಬೀಗದ ಕೈ ಯಾರ ಹತ್ತಿರ?"

"ನನ್ನ ಹತ್ತಿರ ಒಂದು. ಇದನ್ನ ಕೆತ್ತಿದ ಹುಡುಗಿ ಹತ್ತಿರ ಇನ್ನೊಂದು."

ವಿದ್ಯಾರ್ಥಿನಿ ಮೂಲೆಯಲ್ಲಿ ಮುದುಡಿ ಕೂತಿದ್ದಳು. "ನಾನೇ ಕೊಯ್ದೆ. ಚೆನ್ನಾಗಿ ಬಂದಿರಲಿಲ್ಲ. ಕೇಸು ಬೇಡ."

ಇನ್ಸ್‌ಪೆಕ್ಟರಮ್ಮ ಕೊಯ್ದ ಜಾಗ ನೋಡಿದಳು. ಗರಗಸ ನಾಲ್ಕು ಕಡೆ ಜಾರಿತ್ತು. "ಮೂರು ವರ್ಷ ಪಳಗಿದ ಕೈ ಹೀಗೆ ತಡಕಾಡಲ್ಲ. ಯಾರಿಗೆ ಹೆದರ್ತಿದ್ದೀಯ?"

ಹುಡುಗಿ ಮೊಣಕಾಲಲ್ಲಿ ಮುಖ ಹುದುಗಿಸಿದಳು.

ಶಿಲ್ಪದ ಕೆಳಗೆ ಬಿದ್ದಿದ್ದ ಗರಗಸ ಅವಳ ಸಹಪಾಠಿಯೊಬ್ಬನದು. ನಾಳೆಯ ಪ್ರದರ್ಶನದ ಬಹುಮಾನಕ್ಕೆ ಇಬ್ಬರಿಗೂ ಪೈಪೋಟಿ. ಅವನನ್ನು ಕರೆಸಿದರು. "ಅದು ಗೋಡೆಗೇ ನೇತಾಡ್ತಿರುತ್ತೆ ಮೇಡಂ. ಹೊಟ್ಟೆಕಿಚ್ಚಿದ್ರೆ ಮುಖಾನೇ ಕೆಡಿಸ್ತಿದ್ದೆ. ಕೈ ಕೊಯ್ದು ನನಗೇನು ಸಿಗುತ್ತೆ?"

ಮಾತು ಇನ್ಸ್‌ಪೆಕ್ಟರಮ್ಮನಿಗೆ ನಾಟಿತು. ಹೌದು, ಕೈ ಯಾರಿಗೆ ಬೇಕಿತ್ತು? ಮೊನ್ನೆ ಮಗಳನ್ನು ಕರೆದೊಯ್ಯಲು ಬಂದ ಅಪ್ಪ ಶಿಲ್ಪ ನೋಡಿ ಹೋದದ್ದನ್ನು ಮೇಷ್ಟ್ರು ನೆನಪಿಸಿಕೊಂಡರು.

ಆಕೆ ಹುಡುಗಿಯ ಫೋನ್ ತೆಗೆದುಕೊಂಡು ಜೇಬಿಗಿಟ್ಟಳು. ಶಿಲ್ಪದ ಮೇಲೆ ಬಟ್ಟೆ ಹೊದಿಸಿದಳು. ಆಮೇಲೆ ಹುಡುಗಿಯ ಅಪ್ಪನಿಗೆ ತಾನೇ ಫೋನ್ ಮಾಡಿದಳು. "ನಿಮ್ಮ ಮಗಳ ಶಿಲ್ಪ ಹಾಳಾಗಿದೆ, ಬನ್ನಿ." ಅಷ್ಟೇ.

* * *

ಅಪ್ಪ ಬಂದ. ಹುಡುಗಿ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು.

"ಏಳು, ಮನೆಗೆ ನಡಿ. ಅಲ್ಲ ಮೇಷ್ಟ್ರೇ, ಒಂದು ಮರದ ಕೈಗೆ ಪೊಲೀಸರನ್ನ ಕರೆಸೋದಾ?"

"ಕೈ ಅಂತ ಯಾರು ಹೇಳಿದ್ರು?" ಇನ್ಸ್‌ಪೆಕ್ಟರಮ್ಮ ಕೇಳಿದಳು.

"ಮಗಳು... ಫೋನಲ್ಲಿ..."

"ಅವಳ ಫೋನ್ ನನ್ನ ಜೇಬಲ್ಲಿದೆ. ಬೆಳಿಗ್ಗೆಯಿಂದ ಅದರಿಂದ ಒಂದು ಕರೆಯೂ ಹೋಗಿಲ್ಲ."

ಮೇಷ್ಟ್ರು ಬೀರುವಿನಿಂದ ಮಣ್ಣಿನ ಮಾದರಿ ತಂದಿಟ್ಟರು. ಹುಡುಗಿ ಮರಕ್ಕೆ ಕೈ ಹಚ್ಚುವ ಮೊದಲು ಮಾಡಿದ್ದು. ಅದರಲ್ಲಿ ಕೈ ಇತ್ತು. ನಾಲ್ಕು ಬೆರಳು ಚಿಲಕ ಹಿಡಿದಿದ್ದವು. ಕಿರುಬೆರಳು ಮಾತ್ರ ಮಡಚದೆ ಸೆಟೆದಿತ್ತು.

ಅಪ್ಪನ ಬಲಗೈ ಬೆನ್ನ ಹಿಂದಕ್ಕೆ ಸರಿಯಿತು. ಕಾನ್‌ಸ್ಟೇಬಲ್ ಅದನ್ನು ಮುಂದಕ್ಕೆಳೆದ. ಅದೇ ಬೆರಳು.

"ಮೊನ್ನೆ ಮಗಳನ್ನ ಕರ್ಕೊಂಡು ಹೋಗೋಕೆ ಬಂದಾಗ ಇದನ್ನ ನೋಡಿದ್ರಿ. ನಾಳೆ ಪ್ರದರ್ಶನ, ನೆಂಟರೆಲ್ಲ ಬರ್ತಾರೆ, ಬೆರಳು ಗುರುತು ಹಿಡೀತಾರೆ ಅಂತ ಹೆದರಿದ್ರಿ. ನಿನ್ನೆ ಸಂಜೆ ಅವಳ ಚೀಲದಿಂದ ಬೀಗದ ಕೈ ಕದ್ರಿ." ಆಕೆ ಹುಡುಗಿಯ ಪಕ್ಕ ಕೂತಳು. "ಮುಖ ಯಾರದಮ್ಮ?"

"ಅಮ್ಮಂದು." ಹುಡುಗಿ ಬಟ್ಟೆ ಹೊದಿಸಿದ ಶಿಲ್ಪದತ್ತ ನೋಡಿದಳು. "ಕೋಣೆಗೆ ಬೆಂಕಿ ಬಿದ್ದು ಅಮ್ಮ ಸತ್ತ ದಿನದ್ದು. ಅಮ್ಮ ಒಳಗಿಂದ ಚಿಲಕ ಹಾಕ್ಕೊಂಡಿದ್ಲು ಅಂತ ಅಪ್ಪ ಎಲ್ಲರ ಹತ್ರ ಹೇಳಿದ್ರು. ನಾನು ನಡುಮನೆ ಮಂಚದ ಕೆಳಗಿದ್ದೆ. ಆಗ ಆರು ವರ್ಷ. ಚಿಲಕ ಹಾಕಿದ್ದು ಹೊರಗಿಂದ. ಆ ಕೈ ಹಾಕಿದ ಅನ್ನಾನೇ ಹದಿನಾಲ್ಕು ವರ್ಷ ತಿಂದೆ. ಬಾಯಿ ಬಿಟ್ರೆ ಹೋಗೋದೆಲ್ಲಿಗೆ?"

"ಆರು ವರ್ಷದ ಕೂಸಿನ ಮಾತು ಯಾರು ನಂಬ್ತಾರೆ?" ಅಪ್ಪ ಗುಡುಗಿದ.

"ಕೈಯನ್ನ ಹಾಗೇ ಬಿಟ್ಟಿದ್ರೆ ನಾನೂ ನಂಬ್ತಿರಲಿಲ್ಲವೇನೋ. ಕೊಯ್ದು ನೀವೇ ಸಾಕ್ಷಿ ಹೇಳಿದ್ರಿ."

ಅವನ ಕಾರಿನಲ್ಲಿ ಪತ್ರಿಕೆಯಲ್ಲಿ ಸುತ್ತಿದ ಮರದ ಕೈ ಸಿಕ್ಕಿತು. ಅವನನ್ನು ಜೀಪು ಹತ್ತಿಸಿದರು.

"ಮೇಡಂ," ಹುಡುಗಿ ಕೇಳಿದಳು, "ಇವತ್ತು ನಾನು ಆ ಮನೆಗೆ ಹೋಗಬೇಕಾ?"

"ಬೇಡಮ್ಮ."

ಅವಳಿಗೆ ಅಳು ಬಂದದ್ದು ಆಗ.