ಗಾಳಿಯಿಲ್ಲದ ದಿನದ ಕಿತ್ತಳೆ ಬಟ್ಟೆ

ಅವರಿಬ್ಬರ ಮೊದಲ ಮಾತೇ ಜಗಳ.

ಅವಳು ಸ್ಕೈಡೈವಿಂಗ್ ಮೈದಾನದ ಸೇಫ್ಟಿ ಆಫೀಸರ್. ವಿಮಾನದಿಂದ ಹಾರಿದವರ ಪಾದ ಕ್ಷೇಮವಾಗಿ ನೆಲ ಮುಟ್ಟುವವರೆಗೆ ಬೈನಾಕ್ಯುಲರ್ ಹಿಡಿದು ನಿಲ್ಲುವುದು ಅವಳ ಕೆಲಸ. ಪ್ರೀತಿಗೆ ಕಣ್ಣಿಲ್ಲ ಅಂತಾರೆ. ಇವಳಿಗೆ ಕನ್ನಡಕ ಸೇರಿ ನಾಲ್ಕಿದ್ದವು, ಸಾಲದ್ದಕ್ಕೆ ಬೈನಾಕ್ಯುಲರ್ ಬೇರೆ. ಆದರೂ ಬಿದ್ದಳು ನೋಡಿ.

ಅವನನ್ನು ಎಲ್ಲರೂ ಗಿಡುಗ ಎನ್ನುತ್ತಿದ್ದರು. ಉಳಿದವರು ಪ್ಯಾರಾಶೂಟ್ ಬಿಚ್ಚಿಕೊಂಡ ಮೇಲೆ ಜೋಕಾಲಿಯಲ್ಲಿ ಕೂತಂತೆ ತೂಗುತ್ತಾ ಇಳಿಯುತ್ತಿದ್ದರು. ಇವನು ಎಂಟುನೂರು ಅಡಿ ಎತ್ತರದಲ್ಲಿ ಪ್ಯಾರಾಶೂಟಿನ ಮುಂದಿನ ಪಟ್ಟಿ ಎಳೆದು ಗಿರ್ರನೆ ತಿರುಗಿ, ತಲೆಕೆಳಗಾದವನಂತೆ ಧುಮುಕಿ, ನೆಲ ಇನ್ನೇನು ಮೂಗಿಗೆ ತಾಗಿತು ಅನ್ನುವಾಗ ಮೇಲೆದ್ದು, ಹುಲ್ಲಿನ ತುದಿಗೆ ಕಾಲು ಸವರುತ್ತ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಸಾಗಿಬಿಡುತ್ತಿದ್ದ. ಅದಕ್ಕೆ ಸ್ವೂಪ್ ಎನ್ನುತ್ತಾರೆ. ನೋಡುವವರ ಕಣ್ಣಿಗೆ ಹಬ್ಬ. ಎಲ್ಲೋ ಅರೆಕ್ಷಣ ಲೆಕ್ಕ ತಪ್ಪಿದರೆ ಮೂಳೆ ಡಾಕ್ಟರಿಗೆ ಕೈತುಂಬ ಕೆಲಸ.

ಮೊದಲ ದಿನ ಅವನು ಸ್ವೂಪ್‌ಗೆಂದೇ ಗೆರೆ ಹಾಕಿದ ಜಾಗ ಬಿಟ್ಟು ಬಂದು, ಅವಳ ಶೂಗಳಿಂದ ಮೂರಡಿ ದೂರದಲ್ಲಿ ನಿಂತ. ಅವಳ ಕನ್ನಡಕದ ತುಂಬ ಧೂಳು.

"ಸಾರಿ ಮೇಡಂ, ಬ್ರೇಕ್ ಸ್ವಲ್ಪ ಲೂಸು."

"ನಿಮ್ಮ ಬ್ರೇಕ್ ಅಲ್ಲ, ತಲೆ ಲೂಸು. ಒಂದು ವಾರ ನೆಲ ಬಿಟ್ಟು ಏಳಂಗಿಲ್ಲ."

"ಒಂದು ವಾರ ನಾನೇನು ಮಾಡ್ಲಿ?"

"ನಡೀರಿ. ಮನುಷ್ಯರು ಹಾಗೇ ಓಡಾಡೋದು."

ಅವನು ಹೆಲ್ಮೆಟ್ ತೆಗೆದು ಅವಳನ್ನು ನೋಡಿದ. ಕೋಪ ಬರಬೇಕಾಗಿತ್ತು. ಬಂದದ್ದು ನಗು, ಅದೂ ಒಂದೇ ಕೆನ್ನೆಯಲ್ಲಿ. ಅವಳು ನೋಟ್‌ಬುಕ್‌ನಲ್ಲಿ ಅವನ ಶಿಕ್ಷೆ ಬರೆಯುವಾಗ ತಾರೀಖು ತಪ್ಪು ಬರೆದು ಎರಡು ಸಲ ಹೊಡೆದು ಹಾಕಿದಳು.

ಆ ವಾರವಿಡೀ ಅವನು ದಿನಾ ಬಂದ. ಹಾರಲಿಕ್ಕಲ್ಲ, ಅವಳ ಪಕ್ಕ ನಿಂತು ಬೇರೆಯವರ ಇಳಿತ ನೋಡಲಿಕ್ಕೆ. ಅವಳು ಅವನಿಗೆ ಗಾಳಿ ಓದುವುದನ್ನು ಹೇಳಿಕೊಟ್ಟಳು. ಬಿಸಿಲೇರಿದಾಗ ಒಣನೆಲದಲ್ಲಿ ಸುಳಿಗಾಳಿ ಏಳುತ್ತದೆ, ಕೆಳಗೆ ಅದು ಬರೀ ಎರಡು ಒಣಗಿದ ಎಲೆ ತಿರುಗಿಸುತ್ತದೆ, ಮೇಲೆ ಹೋದಂತೆ ಪ್ಯಾರಾಶೂಟನ್ನೇ ಮಡಚಿ ಹಾಕುತ್ತದೆ. ಅಂಥದ್ದು ಕಂಡರೆ ಅವಳು ಮೈದಾನದ ನಡುವೆ ಎರಡು ಉದ್ದನೆಯ ಕಿತ್ತಳೆ ಬಟ್ಟೆಗಳನ್ನು ಅಡ್ಡಡ್ಡ ಹಾಸುತ್ತಿದ್ದಳು. ಮೇಲಿದ್ದವರಿಗೆ ಅದೇ ಆಜ್ಞೆ: ತಿರುಗಬೇಡಿ, ನೆಟ್ಟಗೆ, ನಿಧಾನ ಇಳಿಯಿರಿ.

"ಈ ಬಟ್ಟೆಗೆ ಒಂದೇ ಅರ್ಥ," ಎಂದು ಪ್ರತಿ ಭಾನುವಾರ ಹೊಸಬರ ಕ್ಲಾಸಿನಲ್ಲಿ ಹೇಳುತ್ತಿದ್ದಳು. "ವಾದ ಇಲ್ಲ, ಯಾಕೆ ಅಂತ ಕೇಳೋದಿಲ್ಲ. ಕಂಡ ತಕ್ಷಣ ನಂಬಬೇಕು."

ಎಲ್ಲರೂ ನಂಬುತ್ತಿದ್ದರು. ಅವಳ ಹತ್ತಿರ ಇದ್ದ ಅಧಿಕಾರ ಅಷ್ಟೇ, ಆ ನಂಬಿಕೆ.

ಮೂರು ತಿಂಗಳು ಕಳೆಯಿತು. ಅವನ ಹಾರಾಟಗಳ ಸಂಖ್ಯೆ ಸಾಕಷ್ಟಾಯಿತು, ಪರೀಕ್ಷೆಗಳಾದವು, ಇನ್ನೂ ಚಿಕ್ಕ, ಇನ್ನೂ ವೇಗದ ಪ್ಯಾರಾಶೂಟಿಗೆ ಅರ್ಜಿ ಹಾಕಿದ. ಎಲ್ಲ ರೂಲಿನ ಪ್ರಕಾರ. ಬೇಡ ಎನ್ನಲು ಒಂದು ಕಾರಣವೂ ಇರಲಿಲ್ಲ. ಅವಳು ಹುಡುಕಿದಳು, ಸುಳ್ಳೇಕೆ. ರೂಲ್ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೂ ಓದಿದಳು. ಕೊನೆಗೆ ಸಹಿ ಹಾಕಿದಳು.

ಆ ಹೊಸ ಪ್ಯಾರಾಶೂಟನ್ನು ಮಡಚಿದವಳು ಅವಳ ಸ್ವಂತ ಅಕ್ಕ, ಪ್ಯಾಕಿಂಗ್ ಕೋಣೆಯ ಮುಖ್ಯಸ್ಥೆ. "ಅಯ್ಯೋ, ಇದೇನೇ, ಕರ್ಚೀಫ್ ಇದ್ದಂಗಿದೆ!" ಎಂದು ನಕ್ಕಳು. ತಂಗಿ ನಗಲಿಲ್ಲ.

ಅದರ ಮೊದಲ ಹಾರಾಟದ ದಿನ ಆಕಾಶ ತೊಳೆದಿಟ್ಟ ಹಾಗಿತ್ತು. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಕಂಬಕ್ಕೆ ಜೋತುಬಿದ್ದಿತ್ತು. ವಿಮಾನದ ಬಾಗಿಲು ತೆರೆಯಿತೆಂದು ರೇಡಿಯೋದಲ್ಲಿ ಕೇಳಿದ್ದೇ ತಡ, ಅವಳು ಬೈನಾಕ್ಯುಲರ್ ಕೆಳಗಿಳಿಸಿದಳು. ಅವನು ಆ ಕರ್ಚೀಫಿನ ಕೆಳಗೆ ಧುಮುಕುವುದನ್ನು ನೋಡಲಾರೆ ಅನ್ನಿಸಿತು. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಕಿತ್ತಳೆ ಬಟ್ಟೆಗಳ ಪೆಟ್ಟಿಗೆ ತೆರೆದಿದ್ದಳು. ಎರಡು ಬಟ್ಟೆಗಳನ್ನೂ ಅಡ್ಡಡ್ಡ ಹಾಸಿದಳು.

ಅವನು ನೋಡಿದ. ಪಟ್ಟಿ ಬಿಟ್ಟ. ಪೆನ್ಷನ್ ತರಲು ಹೊರಟ ಮುದುಕನ ಹಾಗೆ ನಿಧಾನವಾಗಿ, ನೆಟ್ಟಗೆ ಇಳಿದ.

"ಏನಾಯ್ತು ಮೇಡಂ?"

"ಸುಳಿಗಾಳಿ ಇತ್ತು."

ಅವನು ಗಾಳಿಚೀಲ ನೋಡಿದ, ಅವಳ ಮುಖ ನೋಡಿದ, ಆಫೀಸಿಗೆ ಹೋದ. ವಿಮಾನ ನಿಲ್ಲಿಸುವ ಹ್ಯಾಂಗರಿನ ಮೇಲಿನ ಗಾಳಿ ಅಳೆಯುವ ಯಂತ್ರ ನಿಮಿಷ ನಿಮಿಷಕ್ಕೂ ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತಿತ್ತು. ಹತ್ತು ನಿಮಿಷದಲ್ಲಿ ಎರಡು ಕಪ್ ಟೀ ಹಿಡಿದು ವಾಪಸ್ ಬಂದ.

"ಗ್ರಾಫ್ ನೋಡ್ದೆ. ಗೆರೆ ನೆಟ್ಟಗಿದೆ, ಮಲಗಿಬಿಟ್ಟಿದೆ."

ಅವಳು ಟೀಯನ್ನೇ ನೋಡುತ್ತಿದ್ದಳು. ಕಿವಿಗಳು ಮಾತ್ರ ಕೆಂಪಾದವು.

"ಇದು ರೂಲ್ ಪುಸ್ತಕದಲ್ಲಿ ಎಷ್ಟನೇ ನಂಬರು, ಮೇಡಂ?"

"ಇದಕ್ಕೆ ನಂಬರಿಲ್ಲ."

"ಹಾಗಾದ್ರೆ ಹೆಸರಾದ್ರೂ ಇರ್ಬೇಕಲ್ಲ."

"ನಿಂಗೆ ಗೊತ್ತಿದ್ದೂ ಕೇಳ್ತೀಯಲ್ಲ."

ನೀವು ಹೋಗಿ ನೀನು ಬಂದಿತ್ತು. ಇಬ್ಬರಿಗೂ ಅದು ಗೊತ್ತಾಯಿತು. ಅವನು ಅವಳ ಕನ್ನಡಕ ತೆಗೆದು ತನ್ನ ಅಂಗಿಯ ತುದಿಯಿಂದ ಒರೆಸಿ, ಮತ್ತೆ ಅವಳ ಮೂಗಿನ ಮೇಲೆ ಕೂರಿಸಿದ. ಬೆರಳು ಕೆನ್ನೆಯ ಹತ್ತಿರ ಬೇಕಿದ್ದಕ್ಕಿಂತ ಸ್ವಲ್ಪ ಹೊತ್ತು ಹೆಚ್ಚೇ ನಿಂತಿತು.

"ಇನ್ಮೇಲೆ ಮೇಲಿಂದ ಆ ಬಟ್ಟೆ ಕಂಡ್ರೆ," ಎಂದ, "ಕೆಳಗೊಬ್ಬಳಿಗೆ ನಾನಂದ್ರೆ ಪ್ರಾಣ ಅಂತ ತಿಳ್ಕೋತೀನಿ."

ಹಾಗೆ ತಿಳಿಯಬೇಡ ಎನ್ನಬೇಕಿತ್ತು. ಭಾನುವಾರ ಭಾನುವಾರ ಹೇಳುತ್ತಿದ್ದ ಅದೇ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಷ್ಟು ಚಂದದ ಮಾತನ್ನು ಯಾರೂ ಅವಳಿಗೆ ಅದುವರೆಗೆ ಹೇಳಿರಲಿಲ್ಲ. ಮೂವತ್ತೊಂದು ವರ್ಷ ಹುಷಾರಾಗಿದ್ದವಳು, ಒಂದು ಸಂಜೆ ಆ ಹುಷಾರನ್ನು ಬಿಟ್ಟುಕೊಟ್ಟಳು. ನಕ್ಕು ಟೀ ಕುಡಿದಳು.

ಮುಂದಿನ ಆರು ವಾರ ಇಬ್ಬರೂ ನೆಲದ ಮೇಲೆ ಇದ್ದರೋ ಇಲ್ಲವೋ. ಅವನು ಆ ಚಿಕ್ಕ ಪ್ಯಾರಾಶೂಟಿನಲ್ಲಿ ನಲವತ್ತು ಸಲ ಇಳಿದ, ನಲವತ್ತು ಸಲವೂ ಅವಳು ಉಗುರು ಕಚ್ಚಿದಳು, ಆದರೆ ಪೆಟ್ಟಿಗೆ ಮುಟ್ಟಲಿಲ್ಲ. ಅಕ್ಕ ರೇಗಿಸುತ್ತಿದ್ದಳು: "ಸೊಕ್ಕಿನೋನು ಅಂತಿದ್ದೆ, ಈಗ ಅವನ ಟೀಗೆ ಎರಡು ಚಮಚ ಸಕ್ಕರೆ ಜಾಸ್ತಿ ಹಾಕ್ತೀಯ. ಆಗ್ಲಿ ಬಿಡು, ಮಡಚೋಕೆ ನಾನು, ಮುದ್ದು ಮಾಡೋಕೆ ನೀನು."

ದೊಡ್ಡ ಸ್ಪರ್ಧೆಯ ಆಯ್ಕೆ ಇದ್ದ ದಿನ ಅವನು ತಾಯಿಯನ್ನು ಕರೆದುಕೊಂಡು ಬಂದ. ಮಗ ಹಾರುವುದನ್ನು ಆಕೆ ಅದುವರೆಗೆ ನೋಡಿರಲಿಲ್ಲ. ನೋಡಿದರೆ ಎದೆ ಒಡೆಯುತ್ತದೆ ಎಂದು. ಬಂದದ್ದು ಹುಡುಗಿಯನ್ನು ನೋಡಲಿಕ್ಕೆ.

"ಇವಳೇನಾ ನಿನ್ನ ನೆಲಕ್ಕಿಳಿಸಿದೋಳು?" ಎಂದು ಅವಳ ಗಲ್ಲ ಹಿಡಿದರು. "ನಿನ್ನ ಕೈಗೆ ಇವನನ್ನ ಒಪ್ಪಿಸಿದೀನಿ ತಾಯಿ. ನನ್ನ ಮಾತಂತೂ ಯಾವತ್ತೂ ಕೇಳಿದೋನಲ್ಲ."

"ನನ್ನ ಮಾತು ಕೇಳ್ತಾನೆ ಅಮ್ಮ," ಎಂದಳು ಅವಳು, ಹೆಮ್ಮೆಯಿಂದಲೇ.

ಮಧ್ಯಾಹ್ನ ಹನ್ನೆರಡೂವರೆ. ವಿಮಾನ ಮೇಲಿತ್ತು, ಅವನು ಹಾರಿಯಾಗಿತ್ತು, ಪ್ಯಾರಾಶೂಟ್ ತೆರೆದಾಗಿತ್ತು. ಆಗ ಅವಳಿಗೆ ಮೈದಾನದ ಆಚೆ ತುದಿಯಲ್ಲಿ ಎರಡು ಪೇಪರ್ ಕಪ್‌ಗಳು ಎದ್ದು ಸುತ್ತುವುದು ಕಂಡಿತು. ಆಮೇಲೆ ಹುಲ್ಲು. ಆಮೇಲೆ ಒಂದು ಕಂದು ಕಂಬದಷ್ಟು ಮಣ್ಣು, ಸ್ವೂಪ್‌ನ ಗೆರೆಯ ಕಡೆಗೇ ಹೊರಳುತ್ತಾ.

ಅವಳು ಓಡಿದಳು. ಅವಳ ಬದುಕಿನಲ್ಲಿ ಅಷ್ಟು ಬೇಗ ಆ ಬಟ್ಟೆಗಳನ್ನು ಯಾವತ್ತೂ ಹಾಸಿರಲಿಲ್ಲ. ಅವನು ಇನ್ನೂ ಸಾವಿರದ ಇನ್ನೂರು ಅಡಿ ಎತ್ತರದಲ್ಲಿದ್ದ, ಧಾರಾಳ ಸಮಯವಿತ್ತು. ಬೈನಾಕ್ಯುಲರ್ ಎತ್ತಿದಳು. ಅವನು ಬಟ್ಟೆಯ ಕಡೆ ತಲೆ ಬಗ್ಗಿಸಿದ್ದು ಸ್ಪಷ್ಟ ಕಂಡಿತು. ಸದ್ಯ, ನೋಡಿದ, ಎಂದು ಉಸಿರು ಬಿಟ್ಟಳು.

ಅವನು ಅವಳ ಕಡೆಗೆ ಕೈ ಬೀಸಿದ.

ಬಟ್ಟೆ ಹಾಸಿದಾಗ ಯಾರೂ ಕೈ ಬೀಸುವುದಿಲ್ಲ. ಒಂದು ಕ್ಷಣ ಅವಳಿಗೆ ಅರ್ಥವಾಗಲಿಲ್ಲ, ಮರುಕ್ಷಣ ಎಲ್ಲವೂ ಅರ್ಥವಾಯಿತು. "ಅಲ್ಲ, ಅಲ್ವೋ, ಇದು ನಿಜ, ನಿಜ ಕಣೋ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಅಷ್ಟು ಎತ್ತರಕ್ಕೆ ಯಾರ ಕೂಗು ಮುಟ್ಟುತ್ತದೆ! ಅವನು ಎಂಟುನೂರು ಅಡಿಯಲ್ಲಿ ಪಟ್ಟಿ ಎಳೆದ. ಬಹಳ ಸುಂದರವಾಗಿ ತಿರುಗಿದ, ಅವನ ಜೀವಮಾನದಲ್ಲೇ ಅಷ್ಟು ಸುಂದರವಾಗಿ ತಿರುಗಿರಲಿಲ್ಲವೆಂದು ನೋಡಿದವರು ಆಮೇಲೆ ಹೇಳಿದರು. ನೆಲದಿಂದ ಮೂವತ್ತು ಅಡಿ ಮೇಲೆ ಪ್ಯಾರಾಶೂಟಿನ ಒಂದು ಮಗ್ಗುಲು ಮಡಚಿಕೊಂಡಿತು.

ತಾಯಿ ನೋಡುತ್ತಿದ್ದರು.

ಜೀವ ಉಳಿಯಿತು. ಸೊಂಟದಿಂದ ಕೆಳಗೆ ಇನ್ನು ಸ್ವಾಧೀನವಿಲ್ಲ ಎಂದು ಹನ್ನೊಂದನೇ ದಿನ ಡಾಕ್ಟರ್ ಹೇಳಿದರು. ಕಾರಿಡಾರಿನಲ್ಲಿ ತಾಯಿ ಅವಳನ್ನು ತಬ್ಬಿಕೊಂಡು ಅತ್ತರು. "ನೀನಾದ್ರೂ ತಡೆಯೋಕೆ ನೋಡಿದ್ಯಲ್ಲ ಮಗಳೇ. ಅಷ್ಟು ದೊಡ್ಡ ಬಟ್ಟೆ ಹಾಸಿದ್ದು ನಾನೇ ಕಣ್ಣಾರೆ ನೋಡ್ದೆ. ಈ ಮುಂಡೇದು ಕೇಳಲಿಲ್ವಲ್ಲ." ಅವಳು ಆ ಹೆಗಲಿನ ಮೇಲೆ ಮುಖವಿಟ್ಟು ನಿಂತಳು.

ವಿಚಾರಣೆಗೆ ಬಂದ ಇಬ್ಬರು ಹಿರಿಯರಿಗೆ ಅವನು ಹಾಸಿಗೆಯಿಂದಲೇ ಹೇಳಿಕೆ ಕೊಟ್ಟ. "ಬಟ್ಟೆ ನೋಡ್ದೆ. ಕೊಬ್ಬು. ತಿರುಗಿದೆ. ಯಾರದ್ದೂ ತಪ್ಪಿಲ್ಲ." ಹಿರಿಯರು ಅವಳ ಕೈ ಕುಲುಕಿದರು. ನಿಮ್ಮಂಥವರು ಇರಬೇಕು ಮೇಡಂ, ನೀವು ಮಾಡಬೇಕಾದ್ದನ್ನೆಲ್ಲ ಮಾಡಿದ್ದೀರಿ, ಇಲ್ಲೊಂದು ಸಹಿ ಹಾಕಿ ಎಂದರು. ನಾಳೆ ಹಾಕುತ್ತೇನೆ ಎಂದಳು.

ಮರುದಿನ ಭಾನುವಾರ. ಇಪ್ಪತ್ತೆರಡು ಜನ ಹೊಸಬರು ನೋಟ್‌ಬುಕ್ ಬಿಚ್ಚಿ ಕೂತಿದ್ದರು. ಅವಳು ಬಟ್ಟೆಯನ್ನು ಎತ್ತಿ ಹಿಡಿದಳು. "ಇದಕ್ಕೆ ಒಂದೇ..." ಎಂದಳು. ಮುಂದಿನ ಶಬ್ದ ಬರಲಿಲ್ಲ. ಮತ್ತೆ ಶುರು ಮಾಡಿದಳು, ಮತ್ತೆ ಅಲ್ಲಿಯೇ ನಿಂತಿತು. ಯಾರೋ ನೀರು ತಂದುಕೊಟ್ಟರು. ಅವಳು ನೇರವಾಗಿ ಆಫೀಸಿಗೆ ಹೋಗಿ ರಿಪೋರ್ಟಿನ ಕೊನೆಗೆ ತನ್ನ ಕೈಯಾರೆ ಬರೆದಳು: ಅಪಘಾತಕ್ಕೆ ಆರು ವಾರ ಮೊದಲು, ಗಾಳಿಯಿಲ್ಲದ ದಿನ, ನಾನು ವೈಯಕ್ತಿಕ ಕಾರಣಕ್ಕಾಗಿ ಬಟ್ಟೆ ಹಾಸಿದ್ದೆ. ಅದು ಅವರಿಗೆ ಗೊತ್ತಾದಾಗ ತಿದ್ದಲಿಲ್ಲ. ಎರಡನೆಯ ಸಲ ಅವರು ಅದನ್ನು ನಂಬದಿರಲು ಕಾರಣ ನಾನು.

ಅವಳ ಲೈಸೆನ್ಸ್ ಹೋಯಿತು. ರಿಪೋರ್ಟ್ ಪಾಠವಾಗಲೆಂದು ಎಲ್ಲ ಕ್ಲಬ್ಬುಗಳಿಗೂ ಹೋಯಿತು. ಅವನ ಹಾಸಿಗೆಗೂ ಬಂತು.

ಅವಳು ಒಳಗೆ ಹೋದಾಗ ಕಾಗದ ಅವನ ಎದೆಯ ಮೇಲಿತ್ತು.

"ವೈಯಕ್ತಿಕ ಕಾರಣ," ಎಂದು ಓದಿದ. "ಕೊನೆಗೂ ಹೆಸರು ಸಿಕ್ತಾ ಅದಕ್ಕೆ?"

"ಬೇರೆ ಹೇಗೆ ಬರೀಲಿ?"

"ಬರೀಬೇಡ ಅಂತಲೇ ಅಲ್ವಾ ನಾನು ಕೊಬ್ಬು ಅಂದಿದ್ದು?" ಅವನ ದನಿ ಏರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. "ಆ ದಿನ ಮೇಲಿಂದ ಬಟ್ಟೆ ನೋಡಿ ನಕ್ಕೆ ಕಣೇ. ಅಮ್ಮ ಇದಾರೆ, ಅದಕ್ಕೆ ಹೆದರಿದಾಳೆ, ಪಾಪ ಅಂತ. ಅಷ್ಟು ಸಂತೋಷ ನಂಗೆ ಯಾವತ್ತೂ ಆಗಿರಲಿಲ್ಲ. ಕಾಲು ಹೋದ್ರೆ ಹೋಗ್ಲಿ, ಅದೊಂದು ನನ್ನ ಹತ್ರ ಇರ್ಲಿ ಅಂತಿದ್ದೆ. ನೀನು ಅದನ್ನೂ ತಪ್ಪುಗಳ ಪಟ್ಟಿಗೆ ಸೇರಿಸ್ಬಿಟ್ಟೆ."

"ಇನ್ನೊಬ್ಬಳು ಹೀಗೆ ಮಾಡ್ಬಾರ್ದು. ಇನ್ನೊಬ್ಬ ಹೀಗೆ ಮಲಗಬಾರ್ದು. ಅದಕ್ಕೆ."

"ಅವರೆಲ್ಲ ಉಳ್ಕೊಂಡ್ರು. ಒಳ್ಳೇದಾಯ್ತು. ನಂಗೇನು ಉಳೀತು?"

ಅವಳು ಅವನ ಕೈ ಹಿಡಿದಳು. ಕೈ ಬೆಚ್ಚಗಿತ್ತು, ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಇಲ್ಲಿ ನಾವಿಬ್ರೇ ಇದೀವಿ," ಎಂದ. "ರಿಪೋರ್ಟಿಗೆ ಏನು ಬೇಕಾದ್ರೂ ಬರ್ಕೋ. ನಂಗೆ ಒಂದು ಮಾತು ಹೇಳು. ಅವತ್ತು ಬಟ್ಟೆ ಹಾಸಿದ್ದು ತಪ್ಪಲ್ಲ ಅಂತ ಹೇಳು. ಸುಳ್ಳೇ ಹೇಳು, ಪರವಾಗಿಲ್ಲ. ಆಮೇಲೆ ನಾವು ಹೇಗೋ ಬದುಕೋಣ."

ಹೇಳಬಹುದಿತ್ತು. ಎರಡು ಪದ. ಅವನ ಜತೆ ಗಾಲಿಕುರ್ಚಿ ತಳ್ಳುತ್ತ ಮುದುಕಿಯಾಗಲು ಅವಳು ಸಿದ್ಧವಾಗಿದ್ದಳು, ಅದನ್ನು ಬೇಡಿಕೊಳ್ಳಲಿಕ್ಕೇ ಬಂದಿದ್ದಳು. ಅವನನ್ನು ಯಾವತ್ತಿಗಿಂತ ಹೆಚ್ಚು ಪ್ರೀತಿಸುತ್ತಿದ್ದಳು. ಆದರೆ ಪ್ರೀತಿಗಾಗಿ ಅವನಿಗೆ ಒಂದು ಸುಳ್ಳು ಹೇಳಿ ಆಗಿತ್ತು, ಅದು ಮಾಡಿದ್ದು ಕಣ್ಣೆದುರಿಗೆ ಮಲಗಿತ್ತು.

"ನಿನ್ನ ಮೇಲೆ ನಂಗೆ ಪ್ರಾಣ," ಎಂದಳು. "ಅವತ್ತೂ, ಇವತ್ತೂ. ಆದ್ರೆ ಅದು ತಪ್ಪು ಕಣೋ. ತಪ್ಪೇ."

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಅವನಿಗೆ ಈಗ ಹಾಸಿಗೆಯಲ್ಲಿ ತಾನಾಗಿ ತಿರುಗಿಸಲು ಆಗುತ್ತಿದ್ದದ್ದು ಅಷ್ಟೇ.

"ಅಮ್ಮನ್ನ ಒಳಗೆ ಕಳ್ಸು. ನೀನು ಮತ್ತೆ ಬರ್ಬೇಡ."

ಹೊರಗೆ ಬೆಂಚಿನಲ್ಲಿ ತಾಯಿ ಕೂತಿದ್ದರು. ಅವರೂ ಕಾಗದ ಓದಿದ್ದರು. ಎದ್ದು, ಅವಳ ಮುಖ ನೋಡದೆ, ಸೆರಗು ಅವಳಿಗೆ ತಾಗದಂತೆ ಎಳೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವಳು ಎಷ್ಟು ಹೊತ್ತು ನಿಂತಿದ್ದಳೋ. ನರ್ಸ್ ಬಂದು ಗಡಿಯಾರ ತೋರಿಸಿದಳು.

"ವಿಸಿಟಿಂಗ್ ಟೈಮ್ ಮುಗೀತು. ಈಗ ಮನೆಯವರು ಮಾತ್ರ ಇರ್ಬಹುದು. ಪೇಷೆಂಟಿಗೆ ನೀವೇನಾಗ್ಬೇಕು?"

"ಯಾರೂ ಅಲ್ಲ," ಎಂದು ಅವಳು ಬ್ಯಾಗ್ ತೆಗೆದುಕೊಂಡು ಮೆಟ್ಟಿಲು ಇಳಿದಳು.